ಇಲ್ಲದ ಊರನ್ನು ಕಟ್ಟಿದ ಕವಿ ಕುವೆಂಪು

ನಾವು ದಿನಾ ಬೆಳಿಗ್ಗೆ ಪ್ರಾರ್ಥನೆಯಲ್ಲಿ ಹಾಡುವ ನಾಡಗೀತೆ ಬರೆದವರು ಕುವೆಂಪು. ಇದು ಎಲ್ಲರಿಗೂ ಗೊತ್ತು. ಜ್ಞಾನಪೀಠ ಬಂದಿದ್ದೂ ಗೊತ್ತು, ಪರೀಕ್ಷೆಗೆ ಬರುತ್ತೆ. ಆದರೆ ಅವರು ಮಾಯ, ಮಂತ್ರ, ಅದ್ಭುತ ಇರುವ ಕಥೆಗಳನ್ನು ಎಷ್ಟು ಚೆನ್ನಾಗಿ ಕಟ್ಟಿದ್ದಾರೆ ಅನ್ನೋದನ್ನು ಯಾರೂ ಅಷ್ಟಾಗಿ ಹೇಳೋದಿಲ್ಲ. ಅದಕ್ಕೇ ಈ ಸಲದ ಗೋಡೆ ಪತ್ರಿಕೆಗೆ ಅವರ ಜೀವನವನ್ನು ಆ ಕಡೆಯಿಂದ ಬರೆದಿದ್ದೇನೆ.

ಕುಪ್ಪಳಿ ವೆಂಕಟಪ್ಪ ಪುಟ್ಟಪ್ಪ ಅವರು 1904ನೇ ಇಸವಿ ಡಿಸೆಂಬರ್ 29ರಂದು ತಾಯಿಯ ತವರಾದ ಹಿರೇಕೊಡಿಗೆಯಲ್ಲಿ ಜನಿಸಿದರು. ಅದು ಕೊಪ್ಪ ತಾಲ್ಲೂಕು. ಬೆಳೆದದ್ದು ನಮ್ಮದೇ ಜಿಲ್ಲೆಯ ತೀರ್ಥಹಳ್ಳಿ ತಾಲ್ಲೂಕಿನ ಕುಪ್ಪಳಿಯಲ್ಲಿ. ತಂದೆ ವೆಂಕಟಪ್ಪಗೌಡರು, ತಾಯಿ ಸೀತಮ್ಮ. ಮನೆ ಸುತ್ತ ಕಾಡು, ಅಡಿಕೆ ತೋಟ, ಗದ್ದೆ, ಹಿಂದುಗಡೆ ಗುಡ್ಡ. ಮೊದಲು ಮನೆಯಲ್ಲೇ ಐಗಳೊಬ್ಬರು ಬಂದು ಪಾಠ ಹೇಳುತ್ತಿದ್ದರು. ಆಮೇಲೆ ತೀರ್ಥಹಳ್ಳಿ ಶಾಲೆ. ಹನ್ನೆರಡು ವರ್ಷ ಆಗಿದ್ದಾಗ ತಂದೆ ತೀರಿಕೊಂಡರು. ಅಂದರೆ ನಮಗಿಂತ ಒಂದು ವರ್ಷ ಚಿಕ್ಕವರು ಆಗ. ಆದರೂ ಓದು ಬಿಡಲಿಲ್ಲ. ಮೈಸೂರಿಗೆ ಹೋಗಿ ವೆಸ್ಲಿಯನ್ ಮಿಷನ್ ಹೈಸ್ಕೂಲು ಸೇರಿದರು.

ಅಲ್ಲಿ ಅವರು ಪದ್ಯ ಬರೆಯಲು ಶುರು ಮಾಡಿದ್ದು ಇಂಗ್ಲಿಷಿನಲ್ಲಿ! ಕನ್ನಡದಲ್ಲಿ ದೊಡ್ಡ ದೊಡ್ಡ ವಿಚಾರ ಬರೆಯೋಕೆ ಆಗೋದಿಲ್ಲ ಅಂತ ಆಗ ತುಂಬಾ ಜನ ತಿಳಿದಿದ್ದರು. 1924ರಲ್ಲಿ ಐರ್ಲೆಂಡಿನ ಕವಿ ಜೇಮ್ಸ್ ಕಸಿನ್ಸ್ ಮೈಸೂರಿಗೆ ಬಂದಿದ್ದರು. ಪುಟ್ಟಪ್ಪ ತಮ್ಮ ಇಂಗ್ಲಿಷ್ ಪದ್ಯಗಳನ್ನು ಅವರಿಗೆ ತೋರಿಸಿದರು. ಅವರು ಓದಿ, ನಿನ್ನ ತಾಯ್ನುಡಿಯಲ್ಲಿ ಬರೆ ಎಂದು ಬುದ್ಧಿ ಹೇಳಿ ಕಳಿಸಿದರು. ಹುಡುಗನಿಗೆ ಬೇಜಾರಾಗಿರಲೇಬೇಕು. ಆದರೆ ಬೇಜಾರು ಮಾಡಿಕೊಂಡು ಕೂರದೆ ಕನ್ನಡದಲ್ಲಿ ಬರೆಯಲು ಕುಳಿತರು.

ಇನ್ನು ಕಿಂದರಿಜೋಗಿ ವಿಷಯ. ‘ಬೊಮ್ಮನಹಳ್ಳಿಯ ಕಿಂದರಿಜೋಗಿ’ಯ ಕಥೆ ಮೂಲದಲ್ಲಿ ನಮ್ಮದಲ್ಲ. ಅದು ಜರ್ಮನಿಯ ಹ್ಯಾಮೆಲಿನ್ ಎಂಬ ಊರಿನ ಹಳೇ ಕಥೆ. 1284ರಲ್ಲಿ ನಡೆಯಿತು ಅಂತ ಅಲ್ಲಿಯ ಜನ ಹೇಳುತ್ತಾರೆ. ಇಂಗ್ಲಿಷ್ ಕವಿ ರಾಬರ್ಟ್ ಬ್ರೌನಿಂಗ್ ಅದನ್ನು ಪದ್ಯ ಮಾಡಿದ, 1842ರಲ್ಲಿ ಅಚ್ಚಾಯಿತು. ಅದನ್ನು ಕುವೆಂಪು ಹಾಗೆ ಹಾಗೇ ಅನುವಾದ ಮಾಡಲಿಲ್ಲ. ಇಡೀ ಊರನ್ನೇ ಎತ್ತಿಕೊಂಡು ಬಂದು ತುಂಗಾ ನದಿಯ ದಡದಲ್ಲಿ ಇಟ್ಟುಬಿಟ್ಟರು. ವೇಸರ್ ನದಿ ಹೋಗಿ ತುಂಗೆ ಬಂತು. ಊರಿನ ಮೇಯರ್ ಹೋಗಿ ಗೌಡ ಬಂದ. ಬಣ್ಣದ ಅಂಗಿಯ ಕೊಳಲಿನವನು ಹೋಗಿ ಕಿಂದರಿ ಹಿಡಿದ ಜೋಗಿ ಬಂದ. ಇಲಿಗಳಲ್ಲೂ ನಮ್ಮ ಮನೆಗಳ ಹಾಗೆ ಅಪ್ಪ, ಅವ್ವ, ಅಣ್ಣ, ತಮ್ಮ ಎಂಬ ನೆಂಟಸ್ತಿಕೆ. ಇದನ್ನು ಓದಿದ ಮಕ್ಕಳು ಬೊಮ್ಮನಹಳ್ಳಿ ಎಲ್ಲೋ ತೀರ್ಥಹಳ್ಳಿ ಹತ್ತಿರಾನೇ ಇರಬೇಕು ಅಂದುಕೊಳ್ಳುತ್ತಾರೆ. ಇಲ್ಲದ ಊರನ್ನು ಇರುವ ಹೊಳೆಯ ಪಕ್ಕ ಇಟ್ಟರೆ ಊರೂ ನಿಜ ಅನಿಸುತ್ತೆ. ಇದೇ ಅವರ ಉಪಾಯ.

ಮಾಯಕ್ಕೂ ಒಂದು ಕಟ್ಟಳೆ ಇದೆ, ನೋಡಿ. ಜೋಗಿಗೆ ಬೇಕಾದ್ದೆಲ್ಲ ಮಾಡೋ ಶಕ್ತಿ ಇಲ್ಲ. ಅವನ ಶಕ್ತಿ ಕಿಂದರಿಯ ನಾದದಲ್ಲಿ ಮಾತ್ರ. ಕೇಳಿದವರು ಹಿಂದೆ ಹೋಗಲೇಬೇಕು. ಇಲಿ ಕೇಳಿದವು, ಹೋಗಿ ಹೊಳೆಗೆ ಬಿದ್ದವು. ಮಕ್ಕಳು ಕೇಳಿದರು, ಬೆಟ್ಟ ಬಾಯಿ ತೆರೆಯಿತು, ಒಳಗೆ ಹೋದರು. ಕುಂಟ ಹುಡುಗನೊಬ್ಬ ಬೇಗ ನಡೆಯಲಾಗದೆ ಹಿಂದೆ ಉಳಿದ. ಕಾಲು ಸರಿ ಇಲ್ಲದ್ದರಿಂದ ಉಳಿದುಕೊಂಡನಲ್ಲಾ ಅಂತ ಸಂತೋಷ ಪಡಬೇಕೋ, ಜೊತೆಗಾರರೆಲ್ಲ ಹೋದರಲ್ಲಾ ಅಂತ ಅಳಬೇಕೋ ತಿಳಿಯೋದಿಲ್ಲ. ನನಗೆ ಇಡೀ ಪದ್ಯದಲ್ಲಿ ಅವನೇ ತುಂಬಾ ಇಷ್ಟ.

ಇಷ್ಟಕ್ಕೆಲ್ಲ ಕಾರಣ ಗೌಡ ಒಪ್ಪಿಕೊಂಡ ಹಣ ಕೊಡದೇ ಹೋದದ್ದು. ಕುವೆಂಪು ತಾವೂ ಗೌಡರ ಮನೆಯವರೇ, ಆದರೂ ಮಾತು ತಪ್ಪುವವನನ್ನು ಗೌಡನನ್ನಾಗಿಯೇ ಮಾಡಿದರು, ಅದು ಧೈರ್ಯ. ಮಾತು ತಪ್ಪೋದು ಅಂದರೆ ಏನು ಅಂತ ನಮ್ಮ ಕಾರ್ಗಲ್ ಕಡೆಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಆದಾಗ ಮನೆ, ಗದ್ದೆ ಎಲ್ಲ ನೀರಿಗೆ ಬಿಟ್ಟು ಎದ್ದುಬಂದವರ ಮರಿಮಕ್ಕಳು ಈಗ ಶಾಲೆಗೆ ಹೋಗುತ್ತಿದ್ದಾರೆ. ಬದಲಿಗೆ ಬಂದ ಜಾಗಕ್ಕೆ ಹಕ್ಕುಪತ್ರ ಇನ್ನೂ ಕೈಗೆ ಸಿಗದ ಮನೆಗಳಿವೆ. ಅದಕ್ಕೇ ಗೌಡ ದುಡ್ಡು ಇಲ್ಲ ಅನ್ನೋ ಜಾಗ ಬಂದಾಗ ದೊಡ್ಡವರು ನಗೋದಿಲ್ಲ.

‘ನನ್ನ ಗೋಪಾಲ’ ಎಂಬ ನಾಟಕವೂ ಮಕ್ಕಳಿಗೇ ಬರೆದದ್ದು. ಬಡ ತಾಯಿಯ ಮಗ ಕಾಡಿನ ದಾರಿಯಲ್ಲಿ ಒಬ್ಬನೇ ಶಾಲೆಗೆ ಹೋಗಬೇಕು, ಹೆದರಿಕೆ. ಕಾಡಿನಲ್ಲಿ ಗೋಪಾಲ ಅಂತ ನಿನ್ನ ಅಣ್ಣ ಇದ್ದಾನೆ, ಕರೆ, ಬರುತ್ತಾನೆ ಎಂದು ತಾಯಿ ಹೇಳುತ್ತಾಳೆ. ಕರೆದರೆ ನಿಜವಾಗಿ ಬರುತ್ತಾನೆ! ಇದು ರಾಮಕೃಷ್ಣ ಪರಮಹಂಸರು ಹೇಳುತ್ತಿದ್ದ ಕಥೆ. ಕುವೆಂಪು ಮೈಸೂರಿನ ರಾಮಕೃಷ್ಣ ಆಶ್ರಮದಲ್ಲಿ ತುಂಬಾ ವರ್ಷ ಇದ್ದವರು. ಮಳೆಗಾಲದಲ್ಲಿ ಉಂಬಳ ಕಿತ್ತು ಹಾಕುತ್ತಾ ಕಾಡುದಾರಿ ನಡೆದು ಶಾಲೆಗೆ ಬರುವವರಿಗೆ ಈ ನಾಟಕ ಬೇಗ ಅರ್ಥ ಆಗುತ್ತೆ.

ಇನ್ನೊಂದು ನಾಟಕ ‘ಶೂದ್ರ ತಪಸ್ವಿ’, 1944ರದು. ಹಳೇ ಕಥೆಯಲ್ಲಿ ಶಂಬೂಕ ಶೂದ್ರನಾಗಿ ತಪಸ್ಸು ಮಾಡಿದ ಅಂತ ರಾಮ ಅವನ ತಲೆ ತೆಗೆಯುತ್ತಾನೆ. ಕುವೆಂಪು ಅದನ್ನು ಒಪ್ಪಲಿಲ್ಲ. ಇವರ ನಾಟಕದಲ್ಲಿ ರಾಮ ಬಾಣ ಬಿಡುತ್ತಾನೆ, ಆದರೆ ಆ ಬ್ರಹ್ಮಾಸ್ತ್ರ ತಪ್ಪು ಮಾಡಿದವರನ್ನು ಮಾತ್ರ ಹುಡುಕುತ್ತೆ. ಅದು ಹೋಗಿ ತಪಸ್ವಿಗೆ ನಮಸ್ಕಾರ ಮಾಡಿ, ತಿರುಗಿ ದೂರು ತಂದ ಬ್ರಾಹ್ಮಣನನ್ನೇ ಅಟ್ಟಿಸಿಕೊಂಡು ಬರುತ್ತೆ. ಅವನು ತಪ್ಪು ತಿಳಿದು ತಪಸ್ವಿಗೆ ಬಾಗಿದ ಮೇಲೆಯೇ ಎಲ್ಲ ಸರಿಹೋಗೋದು. ಹೀಗೆ ಪುರಾಣ ಬದಲಾಯಿಸಬಾರದು ಅಂತ ಮಾಸ್ತಿಯವರಂಥ ದೊಡ್ಡ ಸಾಹಿತಿಗಳೇ ಆಕ್ಷೇಪ ಮಾಡಿದರು. ಕುವೆಂಪು ಹಿಂದೆ ಸರಿಯಲಿಲ್ಲ.

ಎಲ್ಲಕ್ಕಿಂತ ದೊಡ್ಡದು ‘ಶ್ರೀ ರಾಮಾಯಣ ದರ್ಶನಂ’. 1936ರಲ್ಲಿ ಶುರು ಮಾಡಿ ಸುಮಾರು ಒಂಬತ್ತು ವರ್ಷ ಬರೆದರು, 1949ರಲ್ಲಿ ಅಚ್ಚಾಯಿತು. 22 ಸಾವಿರಕ್ಕೂ ಹೆಚ್ಚು ಸಾಲು! ಹಳೆಗನ್ನಡ ತುಂಬಾ ಇರೋದರಿಂದ ನಮ್ಮ ಕೈಗೆ ಹತ್ತೋದಿಲ್ಲ, ಕನ್ನಡ ಮೇಷ್ಟ್ರು ಬಿಡಿಸಿ ಹೇಳಿದರೆ ಮಾತ್ರ. ಅದರಲ್ಲಿ ಮಂಥರೆ ಬರೀ ಕೆಟ್ಟವಳಲ್ಲ, ಕೈಕೆಯ ಮೇಲಿನ ಮಮತೆ ಹೆಚ್ಚಾಗಿ ದಾರಿ ತಪ್ಪಿದವಳು. ಯಾರೂ ಕೇಳದ ಊರ್ಮಿಳೆ ಅಲ್ಲಿ ತಪಸ್ವಿನಿ. ರಾವಣನ ಮನಸ್ಸೂ ಕೊನೆಗೆ ಬದಲಾಗುತ್ತೆ. ಸೀತೆ ಬೆಂಕಿಗೆ ಇಳಿದಾಗ ರಾಮನೂ ಜೊತೆಗೆ ಇಳಿಯುತ್ತಾನೆ. ಪರೀಕ್ಷೆ ಅಂದರೆ ಇಬ್ಬರಿಗೂ. ಕಾಡು ಮಾತ್ರ ನಮ್ಮ ಮಲೆನಾಡಿನದೇ. ರಾಮ ಮಾಲ್ಯವಂತ ಬೆಟ್ಟದಲ್ಲಿ ಮಳೆಗಾಲ ಕಳೆಯುವ ಭಾಗದಲ್ಲಿ ಸುರಿಯುವ ಮಳೆಯೂ ಅಷ್ಟೇ, ನಮ್ಮ ಆಷಾಢದ್ದು, ಗೊರಬು ಹಾಕಿಕೊಂಡರೂ ನೆನೆಯೋ ಅಂಥದ್ದು. ಈ ಪುಸ್ತಕಕ್ಕೆ 1955ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಬಹುಮಾನ ಬಂತು. ಆಮೇಲೆ ಜ್ಞಾನಪೀಠವೂ ಇದಕ್ಕೇ, ಕನ್ನಡಕ್ಕೆ ಮೊದಲನೆಯದು.

ಇಷ್ಟು ಮಾಯದ ಕಥೆ ಬರೆದವರು ನಿಜ ಜೀವನದಲ್ಲಿ ಮೂಢನಂಬಿಕೆಯನ್ನು ಒಂಚೂರೂ ಸಹಿಸುತ್ತಿರಲಿಲ್ಲ. ಭೂತ, ಶಾಸ್ತ್ರ ಅಂತ ಜನರನ್ನು ಹೆದರಿಸೋದನ್ನು ಕಾದಂಬರಿಗಳಲ್ಲಿ ಖಂಡಿಸಿದರು. 1966ರಲ್ಲಿ ಮಗ ಪೂರ್ಣಚಂದ್ರ ತೇಜಸ್ವಿಯವರ ಮದುವೆಯನ್ನು ಪುರೋಹಿತರಿಲ್ಲದೆ ‘ಮಂತ್ರ ಮಾಂಗಲ್ಯ’ ಎಂಬ ಸರಳ ರೀತಿಯಲ್ಲಿ ಮಾಡಿಸಿದರು. ಕಥೆಯ ಮಾಯ ಕಥೆಯಲ್ಲಿ ಇರಲಿ, ಊರಿಗೆ ಬರೋದು ಬೇಡ ಅಂತ ಇರಬಹುದು ಅಂತ ನನ್ನ ಅನಿಸಿಕೆ.

ಕೆಲಸದ ವಿಷಯ ಹೇಳೋದಾದರೆ, 1929ರಲ್ಲಿ ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ಕನ್ನಡ ಅಧ್ಯಾಪಕರಾಗಿ ಸೇರಿದರು. 1937ರಲ್ಲಿ ಹೇಮಾವತಿಯವರನ್ನು ಮದುವೆಯಾದರು. 1956ರಿಂದ 1960ರವರೆಗೆ ಮೈಸೂರು ವಿಶ್ವವಿದ್ಯಾನಿಲಯದ ಕುಲಪತಿಗಳಾಗಿದ್ದರು. ಮಾನಸಗಂಗೋತ್ರಿ ಕಟ್ಟಿದವರು ಅವರೇ. 1964ರಲ್ಲಿ ರಾಷ್ಟ್ರಕವಿ, 1992ರಲ್ಲಿ ಕರ್ನಾಟಕ ರತ್ನ.

1994ರ ನವೆಂಬರ್ 11ರಂದು ಮೈಸೂರಿನಲ್ಲಿ ತೀರಿಕೊಂಡರು. ದೇಹವನ್ನು ಕುಪ್ಪಳಿಗೆ ತಂದು, ಚಿಕ್ಕವರಿದ್ದಾಗ ಅವರು ಹತ್ತಿ ಕೂರುತ್ತಿದ್ದ ಮನೆ ಹಿಂದಿನ ಗುಡ್ಡ ಕವಿಶೈಲದಲ್ಲಿ ಅಂತ್ಯಕ್ರಿಯೆ ಮಾಡಿದರು. ಮನೆ ಈಗ ವಸ್ತು ಸಂಗ್ರಹಾಲಯ, ಯಾರು ಬೇಕಾದರೂ ಹೋಗಿ ನೋಡಬಹುದು. ಗುಡ್ಡದ ಬಂಡೆಯೊಂದರ ಮೇಲೆ ಬಿ.ಎಂ.ಶ್ರೀ., ಟಿ.ಎಸ್. ವೆಂಕಣ್ಣಯ್ಯ ಮತ್ತು ಕುವೆಂಪು ಮೂವರೂ ಹೆಸರಿನ ಅಕ್ಷರ ಕೆತ್ತಿದ್ದಾರೆ. ವೆಂಕಣ್ಣಯ್ಯನವರು ಅವರ ಗುರುಗಳು, ರಾಮಾಯಣ ದರ್ಶನಂ ಅರ್ಪಣೆ ಆಗಿರೋದು ಅವರಿಗೇ. ಹೋದವರು ಆ ಬಂಡೆ ಹುಡುಕಿ ನೋಡಿ.