ರಕ್ತ ಕ್ಯಾನ್ಸರ್‌ಗೆ ಮೊದಲ ತಡೆಯೊಡ್ಡಿದ ಯಲ್ಲಾಪ್ರಗಡ ಸುಬ್ಬರಾವ್

ಮೆಟ್ರಿಕ್ ಪರೀಕ್ಷೆಯಲ್ಲಿ ಎರಡು ಬಾರಿ ಸೋತು ಮೂರನೆಯ ಯತ್ನದಲ್ಲಿ ದಡ ಸೇರಿದ ಹುಡುಗನೊಬ್ಬ ಮುಂದೆ ವೈದ್ಯವಿಜ್ಞಾನದ ದಿಕ್ಕನ್ನೇ ತಿರುಗಿಸಬಲ್ಲನೆಂದು ಭೀಮಾವರಂನಲ್ಲಿ ಯಾರೂ ಎಣಿಸಿರಲಾರರು. ಇಂದಿನ ಆಂಧ್ರಪ್ರದೇಶದ ಆ ಊರಿನಲ್ಲಿ ಯಲ್ಲಾಪ್ರಗಡ ಸುಬ್ಬರಾವ್ ಜನಿಸಿದ್ದು 1895ರ ಜನವರಿ 12ರಂದು. ಮನೆಯಲ್ಲಿ ಬಡತನವಿತ್ತು. ಸಂನ್ಯಾಸಿಯಾಗುವ ಹಂಬಲವೂ ಅವರನ್ನು ಕೆಲಕಾಲ ಕಾಡಿತ್ತು. ತಾಯಿ ವೆಂಕಮ್ಮ ಒಪ್ಪಲಿಲ್ಲ.

ಮದ್ರಾಸ್ ಮೆಡಿಕಲ್ ಕಾಲೇಜಿನಲ್ಲಿ ಓದುವಾಗ ಗಾಂಧೀಜಿಯವರ ಕರೆಗೆ ಓಗೊಟ್ಟು ಶಸ್ತ್ರಚಿಕಿತ್ಸೆಯ ಕೊಠಡಿಗೂ ಖಾದಿ ತೊಟ್ಟು ಹೋದರು. ಆಂಗ್ಲ ಪ್ರಾಧ್ಯಾಪಕರ ಅಸಮಾಧಾನಕ್ಕೆ ತೆತ್ತ ಬೆಲೆ ಸಣ್ಣದಲ್ಲ: ಪೂರ್ಣ ಎಂಬಿಬಿಎಸ್ ಪದವಿಯ ಬದಲು ಕೆಳದರ್ಜೆಯ ಎಲ್ಎಂಎಸ್ ಪ್ರಮಾಣಪತ್ರವಷ್ಟೇ ಕೈಗೆ ಬಂತು. ಮದ್ರಾಸಿನ ಆಯುರ್ವೇದ ಕಾಲೇಜೊಂದರಲ್ಲಿ ಅಂಗರಚನಾಶಾಸ್ತ್ರ ಬೋಧಿಸುತ್ತ ಅವರು ದಿನ ದೂಡಿದರು. ಇದೇ ಕಾಲಘಟ್ಟದಲ್ಲಿ ಇಬ್ಬರು ಸಹೋದರರು ಕೆಲವೇ ದಿನಗಳ ಅಂತರದಲ್ಲಿ ಸ್ಪ್ರೂ ಎಂಬ ಕರುಳಿನ ವ್ಯಾಧಿಗೆ ಬಲಿಯಾದರು. ಆ ಆಘಾತ ಅವರನ್ನು ಸಂಶೋಧನೆಯತ್ತ ನೂಕಿತು.

ಮಾವನವರು ಮತ್ತು ಹಿತೈಷಿಗಳು ಹೊಂದಿಸಿಕೊಟ್ಟ ಹಣದಿಂದ 1923ರ ಅಕ್ಟೋಬರಿನಲ್ಲಿ ಸುಬ್ಬರಾವ್ ಬಾಸ್ಟನ್ ತಲುಪಿದರು. ಹಗಲು ಹಾರ್ವರ್ಡ್‌ನಲ್ಲಿ ವ್ಯಾಸಂಗ, ರಾತ್ರಿ ಆಸ್ಪತ್ರೆಯಲ್ಲಿ ಚಾಕರಿ. ಸೈರಸ್ ಫಿಸ್ಕ್ ಅವರೊಡನೆ 1925ರಲ್ಲಿ ರೂಪಿಸಿದ ರಂಜಕ ಮಾಪನ ವಿಧಾನ ಇಂದಿಗೂ ಜೀವರಸಾಯನಶಾಸ್ತ್ರದ ಪಠ್ಯಗಳಲ್ಲಿದೆ. ಸ್ನಾಯುವಿನ ಶಕ್ತಿಮೂಲಗಳಾದ ಫಾಸ್ಫೋಕ್ರಿಯಾಟಿನ್ ಮತ್ತು ಎಟಿಪಿಗಳನ್ನೂ ಈ ಜೋಡಿ ಗುರುತಿಸಿತು. ಇಷ್ಟೆಲ್ಲ ಮಾಡಿದರೂ ಅವರಿಗೆ ಹಾರ್ವರ್ಡ್‌ನಲ್ಲಿ ಕಾಯಂ ಹುದ್ದೆ ದೊರೆಯಲಿಲ್ಲ. ಪ್ರಚಾರಕ್ಕೆ ಹಾತೊರೆಯದ ಸ್ವಭಾವವೂ ಅವರಿಗೆ ಅಡ್ಡಿಯಾಗಿರಬೇಕು. 1940ರಲ್ಲಿ ಅವರು ನ್ಯೂಯಾರ್ಕ್ ರಾಜ್ಯದ ಪರ್ಲ್ ರಿವರ್‌ನಲ್ಲಿದ್ದ ಲೆಡರ್ಲೆ ಔಷಧ ಸಂಸ್ಥೆಗೆ ಸೇರಿದರು.

ಅಲ್ಲಿ ಅವರ ತಂಡ ಫೋಲಿಕ್ ಆಮ್ಲವನ್ನು ಕೃತಕವಾಗಿ ತಯಾರಿಸಿತು. ಸಹೋದರರನ್ನು ಕೊಂದ ಸ್ಪ್ರೂಗೆ ಮದ್ದು ದೊರೆತಂತಾಯಿತು, ಆದರೆ ಇಪ್ಪತ್ತು ವರ್ಷ ತಡವಾಗಿ. ಇತ್ತ ಬಾಸ್ಟನ್ನಿನ ಮಕ್ಕಳ ಆಸ್ಪತ್ರೆಯ ವೈದ್ಯ ಸಿಡ್ನಿ ಫಾರ್ಬರ್, ಫೋಲಿಕ್ ಸಂಯುಕ್ತಗಳಿಂದ ಲ್ಯುಕೇಮಿಯಾ ಮತ್ತಷ್ಟು ಉಲ್ಬಣಿಸಿದಂತೆ ಕಂಡುಕೊಂಡಿದ್ದರು. ಹಾಗಾದರೆ ಅದರ ವೈರಿಯನ್ನೇ ಪ್ರಯೋಗಿಸಿದರೆ? ಸುಬ್ಬರಾವ್ ತಂಡ ಒದಗಿಸಿದ ಅಮಿನಾಪ್ಟೆರಿನ್ 1947ರ ಡಿಸೆಂಬರಿನಲ್ಲಿ ಮಕ್ಕಳ ಚಿಕಿತ್ಸೆಗೆ ಬಳಕೆಯಾಯಿತು. ರೋಗ ತಾತ್ಕಾಲಿಕವಾಗಿಯಾದರೂ ಹಿಂದೆ ಸರಿದದ್ದು 16 ಮಕ್ಕಳ ಪೈಕಿ 10 ಮಂದಿಯಲ್ಲಿ. ಅದುವರೆಗೆ ಆ ಕಾಯಿಲೆಯ ಮುಂದೆ ವೈದ್ಯರು ಕೈಚೆಲ್ಲಿ ಕೂರುತ್ತಿದ್ದರು.

ಔಷಧದ ಮರ್ಮ ಜೀವಕೋಶ ಚಕ್ರದಲ್ಲಿದೆ. ಒಂದು ಕೋಶ ಎರಡಾಗುವ ಮುನ್ನ ತನ್ನ ಡಿಎನ್ಎಯ ಪ್ರತಿ ಮಾಡಿಕೊಳ್ಳಬೇಕು. ಆ ಕಾರ್ಯಕ್ಕೆ ಬೇಕಾದ ಘಟಕಗಳ ತಯಾರಿಗೆ ಫೋಲೇಟ್ ಅವಶ್ಯ. ಫೋಲೇಟನ್ನು ಬಳಕೆಗೆ ಸಜ್ಜುಗೊಳಿಸುವ ಕಿಣ್ವಕ್ಕೆ ಅಮಿನಾಪ್ಟೆರಿನ್ ಅಂಟಿಕೊಂಡು ಅದನ್ನು ನಿಷ್ಕ್ರಿಯಗೊಳಿಸುತ್ತದೆ. ಕೋಶ ಪ್ರತಿ ತೆಗೆಯುವ ಹಂತದಲ್ಲೇ ಸಿಕ್ಕಿಬೀಳುತ್ತದೆ. ಬಾಯಿ, ಕರುಳಿನ ಆರೋಗ್ಯವಂತ ಕೋಶಗಳೂ ಬೇಗ ವಿಭಜಿಸುವುದರಿಂದ ಅವೂ ಪೆಟ್ಟು ತಿನ್ನುತ್ತವೆ. ಚಕ್ರವನ್ನು ನಡೆಸುವ ಸೈಕ್ಲಿನ್ ಮುಂತಾದ ಪ್ರೋಟೀನುಗಳು ಸುಬ್ಬರಾವ್ ಕಾಲಕ್ಕೆ ಅಜ್ಞಾತವಾಗಿದ್ದವು. ಆ ಕ್ಷೇತ್ರಕ್ಕೆ ನೊಬೆಲ್ ಸಂದದ್ದು 2001ರಲ್ಲಿ. ಮಕ್ಕಳ ತೀವ್ರ ಲಿಂಫೋಬ್ಲಾಸ್ಟಿಕ್ ಲ್ಯುಕೇಮಿಯಾದ ಅನೇಕ ಪ್ರಕರಣಗಳಲ್ಲಿ ಡಿಎನ್ಎ ಪ್ರತಿಗೆ ಮುಂಚಿನ ಬಾಗಿಲು ಕಾಯುವ ಪಿ16 ಪ್ರೋಟೀನಿನ ಜೀನ್ ಅಳಿಸಿಹೋಗಿರುತ್ತದೆ ಎಂಬುದು ಈಗ ತಿಳಿದಿದೆ. ಕಾವಲುಗಾರನಿಲ್ಲದೆ ನುಗ್ಗಿದ ಕೋಶವನ್ನು ಒಳಗೆ ಸರಕಿಲ್ಲದಂತೆ ಮಾಡಿ ಕಟ್ಟಿಹಾಕುವುದೇ ಈ ಔಷಧದ ಉಪಾಯ. ಅಮಿನಾಪ್ಟೆರಿನ್‌ನ ಸೋದರ ಔಷಧ ಮೆಥೊಟ್ರೆಕ್ಸೇಟ್ ಇಂದೂ ಈ ಚಿಕಿತ್ಸೆಯ ಭಾಗವಾಗಿದೆ.

ಫಾರ್ಬರ್ ಅವರ ವರದಿ 1948ರ ಜೂನ್‌ನಲ್ಲಿ ಪ್ರಕಟವಾಯಿತು. ಎರಡು ತಿಂಗಳ ನಂತರ, ಆಗಸ್ಟ್‌ನಲ್ಲಿ, ಸುಬ್ಬರಾವ್ ನಿದ್ರೆಯಲ್ಲಿಯೇ ಹೃದಯಾಘಾತದಿಂದ ಅಸುನೀಗಿದರು. ವಯಸ್ಸು 53. ಅಮೆರಿಕಕ್ಕೆ ಹೊರಟ ಮೇಲೆ ಹುಟ್ಟಿದ ಮಗನ ಮುಖವನ್ನು ಅವರು ನೋಡಲೇ ಇಲ್ಲ. ಮಗು ಎಳವೆಯಲ್ಲೇ ತೀರಿಕೊಂಡಿತ್ತು. ಶೀಘ್ರದಲ್ಲೇ ಮರಳುವುದಾಗಿ ಮಾತು ಕೊಟ್ಟು ಬಂದಿದ್ದ ಪತ್ನಿ ಶೇಷಗಿರಿಯವರನ್ನೂ ಆ ಇಪ್ಪತ್ತೈದು ವರ್ಷಗಳಲ್ಲಿ ಮತ್ತೆ ಕಾಣಲಿಲ್ಲ.