ದಂಡಿನ ಲೆಕ್ಕ ಹಿಡಿದ ಪೂರ್ಣಯ್ಯ

ಯುದ್ಧವೆಂದೊಡನೆ ನಮ್ಮ ಕಣ್ಣಿಗೆ ಕಟ್ಟುವುದು ಕತ್ತಿ, ಕುದುರೆ, ಫಿರಂಗಿ. ಆ ಕುದುರೆಗೆ ಹುರುಳಿ, ಫಿರಂಗಿ ಎಳೆಯಲು ಎತ್ತು, ಸಿಪಾಯಿಗೆ ಸಂಬಳ ಎಲ್ಲಿಂದ ಬಂದುವೆಂದು ಕೇಳುವವರು ವಿರಳ. ಮೈಸೂರಿನಲ್ಲಿ ಆ ಚಿಂತೆಯನ್ನು ಹೊತ್ತವರು ಪೂರ್ಣಯ್ಯನವರು.

1746ರಲ್ಲಿ ಕೊಯಮತ್ತೂರು ಸೀಮೆಯ ಬಡ ಕುಟುಂಬದಲ್ಲಿ ಹುಟ್ಟಿದ ಅವರು ಬಾಲ್ಯದಲ್ಲಿಯೇ ತಂದೆಯನ್ನು ಕಳೆದುಕೊಂಡು ವರ್ತಕರ ಅಂಗಡಿಯಲ್ಲಿ ಲೆಕ್ಕ ಬರೆಯಲು ನಿಂತರು. ಶ್ರೀರಂಗಪಟ್ಟಣಕ್ಕೆ ಸರಕು ಒದಗಿಸುತ್ತಿದ್ದ ಸೆಟ್ಟರೊಬ್ಬರ ಮೂಲಕ ಹೈದರಾಲಿಯ ಕಣ್ಣಿಗೆ ಬಿದ್ದರು. ಮನೆತನದಲ್ಲಿ ಮೊದಲಿಗನಾಗಿ ಕಾಲೇಜಿನ ಮೆಟ್ಟಿಲೇರಿದ ನನ್ನಂಥವನಿಗೆ, ಅಂಗಡಿಯ ಕಡತದಿಂದ ರಾಜ್ಯದ ಬೊಕ್ಕಸದವರೆಗಿನ ಈ ದಾರಿ ಬಹಳ ಹಿಡಿಸುತ್ತದೆ.

1782ರ ಡಿಸೆಂಬರ್ 7ರಂದು ಚಿತ್ತೂರಿನ ಬಳಿಯ ಪಾಳೆಯದಲ್ಲಿ ಹೈದರನು ತೀರಿಕೊಂಡನು. ಟಿಪ್ಪು ದೂರದ ಮಲಬಾರಿನಲ್ಲಿದ್ದನು. ಸುದ್ದಿ ಹಬ್ಬಿದರೆ ದಂಡು ಚದರುವ ಭಯ. ಪೂರ್ಣಯ್ಯ, ಕೃಷ್ಣರಾವ್ ಮೊದಲಾದವರು ಶವವನ್ನು ಖಜಾನೆಯ ಪೆಟ್ಟಿಗೆಯೆಂಬಂತೆ ಕೋಲಾರಕ್ಕೆ ಸಾಗಿಸಿ, ಪಾಳೆಯದ ನಿತ್ಯದ ಕೆಲಸ ನಿಲ್ಲದಂತೆ ನೋಡಿಕೊಂಡರು. ಟಿಪ್ಪು ಬಂದು ಸೇರುವವರೆಗೂ ಸೈನ್ಯ ಒಡೆಯಲಿಲ್ಲ.

1792ರ ಸೋಲಿನಲ್ಲಿ ಟಿಪ್ಪು ಅರ್ಧ ರಾಜ್ಯ ಬಿಟ್ಟುಕೊಟ್ಟು 3 ಕೋಟಿ 30 ಲಕ್ಷ ರೂಪಾಯಿ ತೆರಬೇಕಾಯಿತು. ಉಳಿದರ್ಧದ ಹುಟ್ಟುವಳಿಯಿಂದಲೇ ದಂಡು ಸಾಕಬೇಕು. 1799ರಲ್ಲಿ ಅದೂ ಮುಗಿಯಿತು.

ಅನಂತರ ಪೂರ್ಣಯ್ಯನವರು ಐದು ವರ್ಷದ ಮುಮ್ಮಡಿ ಕೃಷ್ಣರಾಜ ಒಡೆಯರ ದಿವಾನರಾದರು. ಮರುವರ್ಷವೇ ಧೋಂಡಿಯ ವಾಘನನ್ನು ಅಟ್ಟಿಕೊಂಡು ಹೋದ ಆರ್ಥರ್ ವೆಲ್ಲೆಸ್ಲಿಯ ಸೈನ್ಯಕ್ಕೆ ದವಸ, ಎತ್ತು ಒದಗಿಸಿದವರೂ ಇವರೇ. ನಿನ್ನೆ ಯಾರ ವಿರುದ್ಧ ದಂಡು ಸಾಕಿದರೋ ಇಂದು ಅವರಿಗೇ! ಪಕ್ಷ ಬದಲಿಸಿದವರೆಂದು ನಾನೂ ಒಮ್ಮೆ ಹಳಿದದ್ದುಂಟು. ಆದರೆ ಕಂಪನಿಯ ಸೈನ್ಯದ ವೆಚ್ಚಕ್ಕೆಂದು ವರ್ಷಕ್ಕೆ 24½ ಲಕ್ಷ ರೂಪಾಯಿ ಕಟ್ಟಬೇಕಿತ್ತು. ತಪ್ಪಿದರೆ ಕಂಪನಿ ರಾಜ್ಯಕ್ಕೇ ಕೈಹಾಕಬಹುದಿತ್ತು. ಇದನ್ನು ತಿಳಿದ ಮೇಲೆ ನನ್ನ ಮಾತು ಮೆತ್ತಗಾಯಿತು.

1807ರ ಒಪ್ಪಂದದಂತೆ 4,000 ಕುದುರೆ ಸವಾರರನ್ನು ಸದಾ ಸಿದ್ಧವಾಗಿಡುವ ಹೊಣೆಯೂ ಬಂತು. ಇವರು ಸಿಲ್ಲೇದಾರರು, ಕುದುರೆ ಸವಾರನ ಸ್ವಂತದ್ದು, ಸಂಬಳ ಸರ್ಕಾರದ್ದು. ಲಾಯ ಕಟ್ಟಿ ಕುದುರೆ ಸಾಕುವ ತಾಪತ್ರಯ ಸರ್ಕಾರಕ್ಕಿಲ್ಲ. ಎಲ್ಲವೂ ಹೀಗೆ ಸುಸೂತ್ರವಾಗಿರಲಿಲ್ಲ. ಫಿರಂಗಿ ಎಳೆಯುವುದರಲ್ಲಿ ಹೆಸರಾದ ಅಮೃತಮಹಲ್ ಎತ್ತುಗಳ ತಳಿ ಇವರ ಕೈಯಲ್ಲಿ ಕ್ಷೀಣಿಸಿತು.

1811ರಲ್ಲಿ ಅಧಿಕಾರ ಬಿಟ್ಟಾಗ ಬೊಕ್ಕಸದಲ್ಲಿ ಎರಡು ಕೋಟಿಗೂ ಮಿಕ್ಕಿ ರೂಪಾಯಿ ಇತ್ತು. ಅದರಲ್ಲಿ ಬಹುಪಾಲು ರೈತನ ಕಂದಾಯದಿಂದ ಬಂದ ಹಣ. ಅದರಲ್ಲಿ ಕೆರೆಕಟ್ಟೆಗಳಿಗೆ ಇನ್ನೂ ಸ್ವಲ್ಪ ಸಲ್ಲಬೇಕಿತ್ತೆಂದು ರೈತನ ಮಗನಾದ ನನಗೆ ಅನ್ನಿಸುತ್ತದೆ. 1812ರ ಮಾರ್ಚಿಯಲ್ಲಿ ಪೂರ್ಣಯ್ಯನವರು ಶ್ರೀರಂಗಪಟ್ಟಣದಲ್ಲಿ ಕಾಲವಾದರು. ಮರುವರ್ಷ ಇಂಗ್ಲಿಷರು ಅಮೃತಮಹಲಿನ ಮಂದೆಗಳನ್ನು ತಮ್ಮ ವಶಕ್ಕೆ ತೆಗೆದುಕೊಂಡರು.