ಬೆರಳುಗಳಿಗೆ ಪಾಠ ಕಲಿಸಿದ ಮಾಂಟೆಸ್ಸರಿ

ಮಕ್ಕಳೇ, ಶಾಲೆಗೆ ಬಂದ ಮೊದಲ ದಿನ ನಿಮ್ಮಲ್ಲಿ ಎಷ್ಟು ಮಂದಿ ಅತ್ತಿದ್ದಿರಿ? ಅಮ್ಮನ ಸೆರಗು ಬಿಟ್ಟು ಬರುವುದು ಯಾರಿಗೂ ಸುಲಭವಲ್ಲ. ಹೀಗೆ ಹೆದರಿದ ಪುಟ್ಟ ಮಕ್ಕಳ ಕೈಗೆ ಬಟ್ಟೆಯ ತುಂಡುಗಳನ್ನು ಕೊಟ್ಟ ವೈದ್ಯೆಯೊಬ್ಬರ ಪರಿಚಯ ಮಾಡಿಕೊಳ್ಳೋಣ.

ಮರಿಯಾ ಮಾಂಟೆಸ್ಸರಿ 1870ರ ಆಗಸ್ಟ್ 31ರಂದು ಇಟಲಿಯಲ್ಲಿ ಜನಿಸಿದರು. ಹೆಣ್ಣುಮಕ್ಕಳು ವೈದ್ಯಶಾಸ್ತ್ರ ಓದುವುದು ಅಪರೂಪವಾಗಿದ್ದ ಆ ಕಾಲದಲ್ಲಿ ಹಟ ಹಿಡಿದು ಓದಿ, 1896ರಲ್ಲಿ ರೋಮ್‌ನಲ್ಲಿ ವೈದ್ಯ ಪದವಿ ಪಡೆದರು. ಬುದ್ಧಿ ಬೆಳವಣಿಗೆ ಕುಂಠಿತವಾದ ಮಕ್ಕಳನ್ನು ಇರಿಸಿದ್ದ ಆಸ್ಪತ್ರೆಗೆ ಅವರು ಹೋಗುತ್ತಿದ್ದರು. ಊಟವಾದ ಮೇಲೆ ಆ ಮಕ್ಕಳು ನೆಲಕ್ಕೆ ಬಿದ್ದ ರೊಟ್ಟಿಯ ಚೂರುಗಳನ್ನು ತಡಕುತ್ತಿದ್ದರಂತೆ. ಹಸಿವಿನಿಂದಲ್ಲ, ಆ ಬರಿದಾದ ಕೋಣೆಯಲ್ಲಿ ಮುಟ್ಟಿ ಆಡಲು ಬೇರೇನೂ ಇರಲಿಲ್ಲ! ಮಗುವಿನ ಕೈಗೆ ಕೆಲಸ ಬೇಕು ಎಂಬುದು ಮಾಂಟೆಸ್ಸರಿಯವರಿಗೆ ಮನವರಿಕೆಯಾಯಿತು.

1907ರ ಜನವರಿ 6ರಂದು ರೋಮ್‌ನ ಸ್ಯಾನ್ ಲೊರೆಂಜೊ ಎಂಬ ಬಡವರ ಬಡಾವಣೆಯಲ್ಲಿ ಅವರು 'ಮಕ್ಕಳ ಮನೆ'ಯನ್ನು ಆರಂಭಿಸಿದರು. ಐವತ್ತಕ್ಕೂ ಹೆಚ್ಚು ಪುಟಾಣಿಗಳು ಬಂದರು. ಅಳು, ಅಂಜಿಕೆ, ಮಾತೇ ಹೊರಡದು. ಮಾಂಟೆಸ್ಸರಿ ಗದರಿಸಲಿಲ್ಲ. ಮುಟ್ಟಿ, ಜೋಡಿಸಿ ಕಲಿಯುವ ಸಾಮಗ್ರಿಗಳನ್ನು ಅವರ ಮುಂದಿಟ್ಟರು.

ಮುಂದೆ ಅವರ ಶಾಲೆಗಳಲ್ಲಿ ಬಳಕೆಗೆ ಬಂದ ಇಂಥ ಸಾಮಗ್ರಿಗಳಲ್ಲಿ ಬಟ್ಟೆಯೂ ಒಂದು. ಮಖಮಲ್ಲು, ರೇಷ್ಮೆ, ಉಣ್ಣೆ, ಹತ್ತಿ, ಅಗಸೆ ನಾರಿನ ಬಟ್ಟೆ ಹೀಗೆ ಪ್ರತಿಯೊಂದರಲ್ಲೂ ಎರಡೆರಡು ತುಂಡು. ಕಣ್ಣು ಮುಚ್ಚಿ, ಬೆರಳಿನಿಂದ ಸವರಿ, ಜೋಡಿ ಹುಡುಕಬೇಕು. ಕೈಗೆ ಕೆಲಸ ಸಿಕ್ಕ ಮಕ್ಕಳು ಅದರಲ್ಲೇ ಮುಳುಗಿ ಶಾಂತರಾಗುವುದನ್ನು ಮಾಂಟೆಸ್ಸರಿ ಕಂಡರು.

ಬೆರಳಿಗೆ ಬಟ್ಟೆಯ ಗುರುತು ಹೇಗೆ ಸಿಗುತ್ತದೆ? ನಮ್ಮ ಬೆರಳ ತುದಿಯ ಚರ್ಮದಲ್ಲಿ ಸ್ಪರ್ಶವನ್ನು ಗುರುತಿಸುವ ನರತುದಿಗಳು ಒತ್ತೊತ್ತಾಗಿವೆ. ರೇಷ್ಮೆ ಎಳೆ ನುಣುಪು, ಉದ್ದ. ಉಣ್ಣೆಯ ಎಳೆಯ ಮೇಲೆ ಕಣ್ಣಿಗೆ ಕಾಣದಷ್ಟು ಸಣ್ಣ ಹುರುಪೆಗಳಿವೆ. ಈ ವ್ಯತ್ಯಾಸದ ಸುದ್ದಿ ನರಗಳ ಮೂಲಕ ಮಿದುಳಿಗೆ ತಲುಪುತ್ತದೆ.

ಮಾಂಟೆಸ್ಸರಿ 1939ರಲ್ಲಿ ಭಾರತಕ್ಕೂ ಬಂದರು. ಎರಡನೇ ಮಹಾಯುದ್ಧದಿಂದಾಗಿ 1946ರವರೆಗೆ ಇಲ್ಲೇ ಉಳಿದು, ಮದರಾಸು, ಕೊಡೈಕೆನಾಲ್ ಮುಂತಾದೆಡೆ ನೂರಾರು ಶಿಕ್ಷಕರಿಗೆ ತರಬೇತಿ ಕೊಟ್ಟರು. 1952ರ ಮೇ 6ರಂದು ನೆದರ್ಲೆಂಡ್ಸ್‌ನಲ್ಲಿ ನಿಧನರಾದರು.

ನೀವೂ ಮಾಡಿ ನೋಡಿ: ಕಂಬಳಿ, ಖಾದಿ, ರೇಷ್ಮೆ, ಗೋಣಿತಾಟು ಇವುಗಳ ಅಂಗೈ ಅಗಲದ ಎರಡೆರಡು ತುಂಡುಗಳನ್ನು ಹಿರಿಯರ ಸಹಾಯದಿಂದ ಕತ್ತರಿಸಿ, ಒಗೆದು ಒಣಗಿಸಿ ಒಂದು ಡಬ್ಬಿಯಲ್ಲಿಡಿ. ಹೊಸದಾಗಿ ಸೇರಿದ ತಮ್ಮನೋ ತಂಗಿಯೋ ಅಳುತ್ತಿದ್ದರೆ ಪಕ್ಕದಲ್ಲಿ ಕುಳಿತು ಡಬ್ಬಿ ತೆರೆಯಿರಿ. ಮೊದಲ ಜೋಡಿಯನ್ನು ಹುಡುಕಲು ಅವರಿಗೇ ಬಿಡಿ!